ಸರ್ವೆ ಮರದ ಧೂಳು

ಆ ದಿನ ಬೆಳಿಗ್ಗೆ ಮಂಜು ಬೀಳಲಿಲ್ಲ. ಪುಷ್ಯ ಮಾಸ, ಎದುರು ಮನೆಯ ಹೆಂಚು ಕಾಣದಷ್ಟು ಮಂಜು ಕವಿಯಬೇಕಾದ ಕಾಲ. ಶಿವರಾತ್ರಿಗೆ ಶಿವ ಶಿವಾ ಎಂದು ಓಡಿಹೋಗಬೇಕಿದ್ದ ಚಳಿ ಈ ವರ್ಷ ಸಂಕ್ರಾಂತಿಗೇ ಗಂಟುಮೂಟೆ ಕಟ್ಟಿತ್ತು. ಎಂಟಕ್ಕೆಲ್ಲ ಬಿಸಿಲು ಚುರುಗುಟ್ಟಿತು. ಒಂಬತ್ತಕ್ಕೆ ಕವಲಂದೆ ಕಡೆಯಿಂದ ಒಣ ಗಾಳಿ ಎದ್ದು, ಶಾಲೆಯ ಬೇಲಿಗುಂಟ ನಿಂತ ಇಪ್ಪತ್ತೆರಡು ಸರ್ವೆ ಮರಗಳಿಂದ ಇಟ್ಟಿಗೆ ಬಣ್ಣದ ಸಣ್ಣ ಧೂಳು ಹೊಗೆಯ ಹಾಗೆ ಎದ್ದಿತು.

ಮರಿತಾಯಮ್ಮ ಗೇಟಿನ ಹೊರಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು. ಒಂಬತ್ತು ವರ್ಷ ಆ ಶಾಲೆಯ ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು ಒಳಗೆ ಕಾಲಿಡದೆ ಹನ್ನೊಂದು ದಿನವಾಗಿತ್ತು. ಅಡುಗೆಮನೆಯ ಬೀಗದ ಕೈ ಶಾಲಾ ಸಮಿತಿಯ ಅಧ್ಯಕ್ಷ ಪುಟ್ಟಬಸವಯ್ಯನ ಜೇಬಿನಲ್ಲಿತ್ತು. ಅವನೇ ದಿನವೂ ಬಂದು ಬಾಗಿಲು ತೆರೆದು, ಜೊತೆಗೆಲಸದ ಕೋಮಲ ಒಬ್ಬಳಿಂದಲೇ ಅಡುಗೆ ಮಾಡಿಸುತ್ತಿದ್ದ. ಇವತ್ತು ಸಮಿತಿ ಕೂತು ಮರಿತಾಯಮ್ಮನ ಜಾಗಕ್ಕೆ ಬೇರೊಬ್ಬಳನ್ನು ಗೊತ್ತುಮಾಡುವುದಿತ್ತು.

ಆದದ್ದು ಇಷ್ಟೇ. ಹನ್ನೊಂದು ದಿನದ ಹಿಂದೆ ಸಾರು ಬಡಿಸುವಾಗ ಅವಳಿಗೆ ಕೆಮ್ಮು ಬಂತು. ಸೌಟು ಕೆಳಗಿಟ್ಟು, ಗೋಡೆಗೆ ಮುಖ ಮಾಡಿ, ಸೆರಗು ಬಾಯಿಗೆ ಒತ್ತಿಕೊಂಡೇ ಕೆಮ್ಮಿದಳು. ಬಾಗಿಲಲ್ಲಿ ಪುಟ್ಟಬಸವಯ್ಯ ನಿಂತಿದ್ದ. ಡಾಕ್ಟರ ಕಾಗದ ತರುವ ತನಕ ಬರಬೇಡ ಎಂದು ಕೀ ಈಸಿಕೊಂಡ. ಸಂಜೆಯೊಳಗೆ ಅವಳಿಗೆ ಕ್ಷಯವೆಂಬ ಮಾತು ಊರು ಸುತ್ತಿ ಅವಳ ಕೇರಿಯನ್ನೂ ಮುಟ್ಟಿತು. ನಲ್ಲಿಯ ಹತ್ತಿರ ಹೆಂಗಸರು ಬಿಂದಿಗೆ ಹಿಂದಕ್ಕೆಳೆದುಕೊಂಡರು. ಬೆಂಕಿಗಾದರೂ ಬೂದಿಯಾಗುವ ಹೊತ್ತು ಒಂದಿರುತ್ತದೆ. ಮರಿತಾಯಮ್ಮನ ಹೊಟ್ಟೆಯೊಳಗೆ ಹೊತ್ತಿಕೊಂಡದ್ದು ಆರಲಿಲ್ಲ.

ನಂಜನಗೂಡಿನ ಆಸ್ಪತ್ರೆಯಲ್ಲಿ ಎರಡು ಸಲ ಕಫ ತೆಗೆದು ನೋಡಿದರು. ಏನೂ ಇರಲಿಲ್ಲ. ಆದರೆ ಅಲ್ಲಿದ್ದ ಎಳೆ ವಯಸ್ಸಿನ ಡಾಕ್ಟರಮ್ಮ ಕಾಗದ ಬರೆದು ಕಳಿಸಿಬಿಡದೆ, ಭಾನುವಾರ ಕೆಮ್ಮು ಬರುತ್ತದೆಯೇ ಎಂದು ಕೇಳಿದಳು. ಮರಿತಾಯಮ್ಮ ಯೋಚಿಸಿ, ಇಲ್ಲ ಎಂದಳು. ಮಂಜು ಬಿದ್ದ ದಿನ? ಮಂಜು ಕರಗುವವರೆಗೂ ಇಲ್ಲ. ಅಡುಗೆಮನೆಯ ಹತ್ತಿರ ಯಾವ ಮರ ಇದೆ? ಸರ್ವೆ ಮರ. ಆಗ ಡಾಕ್ಟರಮ್ಮ ಮಗುವಿಗೆ ಹೇಳುವ ಹಾಗೆ ಬಿಡಿಸಿ ಹೇಳಿದಳು: ಅದು ಕಸವಲ್ಲ, ಮರದ ಹೂವಿನ ಪುಡಿ. ಚಳಿ, ತೇವ ಇದ್ದರೆ ನೆಲ ಹಿಡಿದು ಕೂತಿರುತ್ತದೆ. ಒಣಗಿದರೆ, ಗಾಳಿ ಎದ್ದರೆ, ಕಣ್ಣಿಗೆ ಮೂಗಿಗೆ ಎದೆಗೆ ಇಳಿಯುತ್ತದೆ. ಈ ವರ್ಷ ಚಳಿ ಬೇಗ ಹೋದದ್ದರಿಂದ ತಿಂಗಳು ಮೊದಲೇ ಉದುರುತ್ತಿದೆ. ಕೆಲವರ ಮೈಗೆ ಆಗುವುದಿಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆ ಇದಲ್ಲ. ನೀರು ಚಿಮುಕಿಸದೆ ಗುಡಿಸಬೇಡ.

ಒಂಬತ್ತು ವರ್ಷ ಬೆಳಿಗ್ಗೆ ಎದ್ದು ಆ ಧೂಳನ್ನು ಒಣ ಪೊರಕೆಯಲ್ಲಿ ಗುಡಿಸಿದವಳು ತಾನೇ ಎಂದು ನೆನೆದು ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅಳು ಬಂತು. ಬಸ್ಸಿಗೆ ಇನ್ನೂ ಹೊತ್ತಿತ್ತು. ಗುಡಿಯ ಗೋಪುರದ ಎದುರು ನಿಂತು ಕೈ ಮುಗಿದಳು. ವಿಷವನ್ನು ಗಂಟಲಲ್ಲಿ ತಡೆದು ಲೋಕ ಕಾದ ಸ್ವಾಮಿ ಒಳಗಿದ್ದ. "ನೀನು ಗಂಟ್ಲಲ್ಲೇ ಇಟ್ಕಂಡೆ ಕಣಪ್ಪಾ ನಂಜುಂಡ, ನನ್ನ ಕೈಲಾಗಲ್ಲ," ಎಂದಳು.

ಕಾಗದ ತಂದುಕೊಟ್ಟ ದಿನ ಪುಟ್ಟಬಸವಯ್ಯ ಅದನ್ನು ಬಿಡಿಸಿಯೂ ನೋಡದೆ, ಮೀಟಿಂಗಿಗೆ ಇಡೋಣ ಎಂದು ಅವಳ ಕೈಗೇ ತಿರುಗಿ ತಳ್ಳಿದ್ದ.

ಈಗ ಮೀಟಿಂಗು ಕೂಡಿತ್ತು. ಶಾಲೆಯ ಅಂಗಳದಲ್ಲಿ ಬೆಂಚು ಹಾಕಿ, ಸರ್ವೆ ಮರಗಳ ಬುಡದಲ್ಲೇ ಏಳೆಂಟು ಜನ ಕೂತಿದ್ದರು. ಆ ಮರಗಳನ್ನು ನೆಡಿಸಿದವನು ಪುಟ್ಟಬಸವಯ್ಯನೇ. ತೀರಿಕೊಂಡ ಅಪ್ಪನ ಹೆಸರಿನ ಕಲ್ಲೂ ಅಲ್ಲಿತ್ತು. ಅಡುಗೆಮನೆಯ ಮೆಟ್ಟಿಲ ಮೇಲೆ ಕೋಮಲ ತರಕಾರಿ ಚೀಲ ಇಟ್ಟುಕೊಂಡು ಬಾಗಿಲು ತೆರೆಯಲೆಂದು ಕಾಯುತ್ತಿದ್ದಳು. ಮುಖ್ಯ ಉಪಾಧ್ಯಾಯಿನಿ ಸುಬ್ಬಲಕ್ಷ್ಮಮ್ಮ ನೆಲ ನೋಡುತ್ತ ಮರಿತಾಯಮ್ಮನನ್ನು ಒಳಗೆ ಕರೆದರು.

"ಕಾಗ್ದ ಗೀಗ್ದ ಎಲ್ಲ ಸರಿ ಕಣಮ್ಮಿ," ಎಂದ ಪುಟ್ಟಬಸವಯ್ಯ. "ನಿನ್ನ ಮೇಲೆ ನನಗೇನು ಸಿಟ್ಟಾ? ಮಕ್ಕಳ ಜೀವ ನೋಡು. ನಿನ್ನ ಕೈಯಡುಗೆ ಉಂಡು ನಾಳೀಕೆ ಯಾರ್ಗಾರ ಅಂಟ್ಕಂಡ್ರೆ…"

ಮಾತು ಮುಗಿಯಲಿಲ್ಲ. ಗಾಳಿ ಬೀಸಿತು. ಪುಟ್ಟಬಸವಯ್ಯ ಸೀನಿದ. ಒಂದಲ್ಲ, ಎರಡಲ್ಲ, ಏಳು ಸೀನು. ಕಣ್ಣು ಕೆಂಪಗಾಗಿ ನೀರು ಸುರಿಯಿತು. ಸೀನಿನ ಹಿಂದೆ ಕೆಮ್ಮು ಹತ್ತಿ, ಟವೆಲ್ಲನ್ನು ಬಾಯಿಗೊತ್ತಿಕೊಂಡು ಬಗ್ಗಿದ. ಪಕ್ಕದವನೊಬ್ಬ ನೀರು ಕೊಟ್ಟ. ಯಾರೂ ಬೆಂಚು ಹಿಂದಕ್ಕೆ ಸರಿಸಲಿಲ್ಲ.

ಮರಿತಾಯಮ್ಮ ಅವನ ಕೆಮ್ಮು ನಿಲ್ಲುವ ತನಕ ಕಾದಳು. ಅವಳ ತಾಯಿ ಅವನ ತಂದೆಯನ್ನು "ಬುದ್ಧಿ" ಎನ್ನುತ್ತಿದ್ದಳು. ಇವಳು ಹಾಗೆನ್ನಲಿಲ್ಲ.

"ಅಧ್ಯಕ್ಷ್ರೇ, ಯಾವಾಗಿಂದ ಇದು ನಿಮಗೆ?"

"ನೆಗಡಿ ಕಣಮ್ಮಿ. ವರ್ಸಾ ವರ್ಸಾ ಬತ್ತದೆ, ಓಯ್ತದೆ. ಈ ಸಲ ವಸಿ ಜಾಸ್ತಿ."

"ನಿಮ್ಮದು ನೆಗಡಿ. ನನ್ನದು ಕಾಯ್ಲೆ." ಅವಳ ದನಿ ಏರಲಿಲ್ಲ. ಸುಬ್ಬಲಕ್ಷ್ಮಮ್ಮನ ಕಡೆ ತಿರುಗಿ, "ಟೀಚರಮ್ಮ, ರುಚಿ ಪುಸ್ತಕ ಕೊಡಿ," ಎಂದಳು.

ಮಕ್ಕಳಿಗೆ ಬಡಿಸುವ ಮುಂಚೆ ದೊಡ್ಡವರೊಬ್ಬರು ಅನ್ನ ಸಾರಿನ ರುಚಿ ನೋಡಿ, ಬರೆದು, ಸಹಿ ಹಾಕುವ ಪುಸ್ತಕ ಅದು. ಮಕ್ಕಳಿಗೆ ಏನೂ ಆಗದಿರಲೆಂದು ಮಾಡಿದ ಕಟ್ಟಳೆ. ಸುಬ್ಬಲಕ್ಷ್ಮಮ್ಮನ ಕೈಯಿಂದ ಅದನ್ನು ತೆಗೆದುಕೊಂಡು ಮರಿತಾಯಮ್ಮ ಬೆಂಚಿನ ಮೇಲೆ ಬಿಡಿಸಿಟ್ಟಳು. ಹಾಳೆ ಹಾಳೆಗೂ "ರುಚಿಯಾಗಿದೆ" ಎಂಬ ಒಂದೇ ಮಾತು, ಅದರ ಕೆಳಗೆ ಪುಟ್ಟಬಸವಯ್ಯನ ಗುಂಡು ಗುಂಡಾದ ಸಹಿ.

"ಆರು ವರ್ಸದಿಂದ ನೀವು ಅಧ್ಯಕ್ಷ್ರು. ನೀವು ಬಾಗ್ಲಲ್ಲಿ ನಿಂತು ರುಜು ಹಾಕಿ ಓಗೋದ ನಾನು ನೋಡ್ಕಂಡೇ ಬಂದಿವ್ನಿ. ಒಂದಿನ, ಒಂದು ತುತ್ತು ಉಂಡಿದ್ರೆ ಯಾವತ್ತು ಅಂತ ಯೋಳಿ. ನಂಜುಂಡಪ್ಪನ ಮೇಲೆ ಆಣೆ ಇಟ್ಟು ಯೋಳಿ."

ಪುಟ್ಟಬಸವಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಹಣೆಯ ವಿಭೂತಿ ಬೆವರಿಗೆ ಕಲಸಿಹೋಗಿತ್ತು. ಊರು ಏನು ಬೇಕಾದರೂ ಅನ್ನಲಿ, ಸುಳ್ಳು ಆಣೆ ಇಡುವ ಮನುಷ್ಯ ಅವನಲ್ಲ. ಅದು ಅವಳಿಗೂ ಗೊತ್ತಿತ್ತು.

"ನನ್ನ ಕೈಯಿಂದ ಒಂದಗುಳೂ ಉಣ್ಣದ ನಿಮಗೆ," ಎಂದಳು ಮರಿತಾಯಮ್ಮ, "ಈ ಕೆಮ್ಮು ಎಲ್ಲಿಂದ ಅಂಟ್ತು?"

ಶಾಲೆಯ ಊಟ ಉಣ್ಣದೆ ಮನೆಯಿಂದ ಡಬ್ಬಿ ತರುವ ಪುಟ್ಟಬಸವಯ್ಯನ ಮೊಮ್ಮಗಳು ಧನುಶ್ರೀ ಮೂಗು ಸೋರಿಸಿಕೊಂಡು ಜಗಲಿಯಲ್ಲಿ ನಿಂತಿದ್ದಳು. ಮರಿತಾಯಮ್ಮ ಅವಳನ್ನೂ ನೋಡಿದ್ದಳು. ಮಗುವನ್ನು ಮಾತಿಗೆ ಎಳೆಯಲಿಲ್ಲ.

ಮೂಲೆಯಲ್ಲಿ ಕೂತಿದ್ದ ಮುದುಕ ನಾಗಯ್ಯ ಎಲೆಯಡಿಕೆ ಉಗುಳಿ ಬಾಯೊರೆಸಿಕೊಂಡ. "ಉಣ್ದೇನೆ ರುಚಿ ಯೋಳೋ ಇದ್ಯೆಯ ನಮಗೂ ವಸಿ ಕಲ್ಸಿ ಪುಟ್ಟಬಸವಣ್ಣ. ಮನೇಲಿ ಅಕ್ಕಿ ಉಳೀತದೆ."

ಒಬ್ಬಿಬ್ಬರು ನಕ್ಕು ತಲೆ ತಗ್ಗಿಸಿದರು. ಸುಬ್ಬಲಕ್ಷ್ಮಮ್ಮ ಕೈ ಚಾಚಿ ಆಸ್ಪತ್ರೆಯ ಕಾಗದ ತೆಗೆದುಕೊಂಡು ಕೊನೆಯ ಸಾಲಿನವರೆಗೂ ಗಟ್ಟಿಯಾಗಿ ಓದಿದರು. ಅವನ ಸಹಿಯ ಪಕ್ಕದಲ್ಲೆಲ್ಲ ಅವರ ಸಹಿಯೂ ಇತ್ತು. ಓದುವಾಗ ಅವರ ದನಿ ಎರಡು ಕಡೆ ತಡವರಿಸಿತು.

ಪುಟ್ಟಬಸವಯ್ಯ ಎದ್ದು ಹೆಗಲಿನ ಟವೆಲ್ ಕೊಡವಿದ. ಬಿಳಿ ಟವೆಲ್ಲಿನಿಂದ ಇಟ್ಟಿಗೆ ಬಣ್ಣದ ಪುಡಿ ಎದ್ದಿತು. ಅದನ್ನು ನೋಡಿದ. ತಲೆಯೆತ್ತಿ ಅಪ್ಪನ ಹೆಸರಿನ ಮರಗಳನ್ನು ನೋಡಿದ. ಮತ್ತೆ ಸೀನು ಬಂತು.

ಮರಿತಾಯಮ್ಮ ಅಲ್ಲಿ ನಿಲ್ಲಲಿಲ್ಲ. ನೆಟ್ಟಗೆ ಅಡುಗೆಮನೆಯ ಮುಂದಕ್ಕೆ ಹೋಗಿ, ತೊಟ್ಟಿಯಿಂದ ನೀರು ಮೊಗೆದು ಅಂಗಳಕ್ಕೆ ಚಿಮುಕಿಸತೊಡಗಿದಳು. ಸಿಟ್ಟಿಗೆ ನೀರು ದಪ್ಪ ದಪ್ಪ ಹನಿಯಾಗಿ ಬೀಳುತ್ತಿತ್ತು. ಕೆಂಪು ಧೂಳು ನೆಂದು ನೆಲಕ್ಕೆ ಅಂಟಿತು. ಕೋಮಲ ಎದ್ದು ಪೊರಕೆ ಹಿಡಿದಳು.

ಸ್ವಲ್ಪ ಹೊತ್ತಿಗೆ ಪುಟ್ಟಬಸವಯ್ಯ ಒಬ್ಬನೇ ಬಂದ. ಜೇಬಿನಿಂದ ಬೀಗದ ಕೈ ತೆಗೆದ. ಅವಳತ್ತ ನೋಡದೆ, ಬಾಗಿಲ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಅದನ್ನಿಡಲು ಬಗ್ಗಿದ.

ಮರಿತಾಯಮ್ಮ ಚೊಂಬು ಕೆಳಗಿಟ್ಟು, ಒದ್ದೆ ಕೈಯನ್ನು ಸೀರೆಗೆ ಒರೆಸಿ, ಅಂಗೈ ಚಾಚಿದಳು.

ಅವನು ಬಗ್ಗಿದವನು ಹಾಗೇ ನಿಂತ. ಪೊರಕೆಯ ಸದ್ದು ನಿಂತಿತು. ಅವಳ ಕೈ ಅಲ್ಲಾಡಲಿಲ್ಲ. ಆಮೇಲೆ ಅವನು ನಿಧಾನವಾಗಿ ನೆಟ್ಟಗಾಗಿ, ಬೀಗದ ಕೈಯನ್ನು ಅವಳ ಅಂಗೈಯಲ್ಲಿ ಇಟ್ಟ.

ಹನ್ನೊಂದು ದಿನ ಅವನ ಜೇಬಿನಲ್ಲಿದ್ದುದಕ್ಕೋ ಏನೋ, ಅದು ಬೆಚ್ಚಗಿತ್ತು.