ಕರಗಿದ ಗಂಟು

ತಾಂಡವಪುರದ ಶಿವಸ್ವಾಮಿಯವರು ತಮ್ಮ ನಾಯಿ ಕೆಂಚನನ್ನು ಎತ್ತಿ ಮೇಜಿನ ಮೇಲೆ ಮಲಗಿಸಿದಾಗಲೇ ಪಶುವೈದ್ಯೆ ಅರ್ಪಿತಳಿಗೆ ಮೈ ಉರಿಯಿತು. ತೊಡೆಯ ಮೇಲಿನ ಗಂಟು ನಿಂಬೆಹಣ್ಣಿನಷ್ಟಾಗಿ, ಒಡೆದು ಸೋರುತ್ತಿತ್ತು. ಯುಗಾದಿಗೆ ಮುಂಚೆ ಲಸಿಕೆ ಹಾಕಲು ತಾನು ಅವರ ಊರಿಗೆ ಹೋದಾಗ ಅದು ಕಡಲೆಕಾಳಿನಷ್ಟಿತ್ತು. ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕು, ನಂಜನಗೂಡಿನ ಆಸ್ಪತ್ರೆಗೆ ಕರೆತನ್ನಿ ಎಂದು ಬಾಯಿ ನೋಯುವಂತೆ ಹೇಳಿದ್ದಳು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಗಿತ್ತು.

“ಇಷ್ಟು ದಿನ ಏನ್ ಮಾಡ್ತಿದ್ರಿ ಯಜಮಾನ್ರೇ?”

“ನಂಜುಂಡಪ್ಪನ್ಗೆ ಅರಕೆ ಒತ್ತು ಕಪಿಲಾ ಒಳೇಲಿ ಬೆಲ್ಲ ಬುಟ್ಟೆ ಕಣವ್ವ. ಬೆಲ್ಲ ಕರಗ್ದಂಗೆ ಗಂಟೂ ಕರಗೋಯ್ತು. ಆಮೇಲೆ ಮತ್ತೆ ಊದ್ಕತ್ತು.”

ಅರ್ಪಿತ ಹಣೆ ಚಚ್ಚಿಕೊಂಡಳು. “ಬೆಲ್ಲಕ್ಕೆ ಕರಗಿದ್ದಲ್ಲ ಅದು! ನಾಯಿಗೆ ಬರೋ ಒಂದು ಜಾತಿ ಕ್ಯಾನ್ಸರ್ ಗಂಟು ಹಾಗೇನೇ. ಊದುತ್ತೆ, ಇಳಿಯುತ್ತೆ, ಮತ್ತೆ ಊದುತ್ತೆ. ಇಳಿದಾಗಲೇ ಓಡಿ ಬರ್ಬೇಕಿತ್ತು. ಈಗ ನೋಡಿ, ತೊಡೆಸಂದಿಗೂ ಹಬ್ಬಿದೆ.”

ಸಿಟ್ಟಿನಲ್ಲೇ ಅವರ ಬೆರಳು ಹಿಡಿದು ಅಲ್ಲಿ ಒತ್ತಿ ತೋರಿಸಿದಳು. ಅವರು ಬೆರಳು ತೆಗೆಯಲಿಲ್ಲ. ಕೆಂಚ ಆ ಕೈಯನ್ನೇ ನೆಕ್ಕಿತು.

“ಕರಗ್ದೆ ಇದ್ದಿದ್ರೆ ಅವತ್ತೇ ಬತ್ತಿದ್ದೆ ಕಣವ್ವ,” ಎಂದರು.