ಮಗುಚಿಟ್ಟ ಪರಿಸಲು

“ಎದ್ದೇಳೇ ಮೂದೇವಿ. ದೇಶಕ್ಕೆ ಯುದ್ಧ ಬಂದದೆ, ಪರಿಸಲ್‌ಗೆ ಅಡ್ಡ ಕುಂತ್ಕೊಂಡು ವೀಳ್ಯ ಜಗೀತಿಯಾ?”

ಬೈದವನು ತಾಲ್ಲೂಕು ಆಫೀಸಿನಿಂದ ಬಂದಿದ್ದ ಅಧಿಕಾರಿಯ ಸಹಾಯಕ ಗಣೇಶನ್. ನಮ್ಮವನೇ. ಆಫೀಸಿನಲ್ಲಿ ತಮಿಳಷ್ಟೇ ಆಡುವವನಿಗೆ ಬೈಯುವಾಗ ಮಾತ್ರ ಮನೆಯ ಕನ್ನಡ ನೆನಪಾಗುತ್ತಿತ್ತು. ಬೈಸಿಕೊಂಡವಳು ಗೋವಿಂದಮ್ಮಾಳ್. ತಮಿಳುನಾಡಿನ ಆಂಡಿಪಟ್ಟಿ ಕಡೆಯ ಅಣೆಕಟ್ಟಿನ ಹಿನ್ನೀರಿನಲ್ಲಿ ನಾವೆಲ್ಲ ಮೀನು ಹಿಡಿಯುವವರು. ಪರಿಸಲು, ಅಂದರೆ ಬಿದಿರಿನ ಹರಿಗೋಲೇ ನಮ್ಮ ಅನ್ನ. ಶತ್ರು ಅಣೆಕಟ್ಟಿಗೆ ಬಾಂಬು ಹಾಕಿದರೆ ಜನರನ್ನು ದಾಟಿಸಲು ಅವು ಸರ್ಕಾರಕ್ಕೆ ಬೇಕಂತೆ. ಪಕ್ಕದಲ್ಲೇ ಮೀನಿನ ಗುತ್ತಿಗೆದಾರ ಮುತ್ತುಸಾಮಿಯ ಮೋಟಾರು ದೋಣಿ ನಿಂತಿತ್ತು. ಅದು ಮಾತ್ರ ಸರ್ಕಾರದ ಕಣ್ಣಿಗೆ ಬೀಳಲಿಲ್ಲ.

ಗೋವಿಂದಮ್ಮಾಳ ಪರಿಸಲು ಮಗುಚಿಟ್ಟಿತ್ತು, ಮೇಲೆ ಬೇವಿನ ಸೊಪ್ಪು. ಆ ವಾರವಷ್ಟೇ ಸರ್ಕಾರದವರು ನೀರಿನಲ್ಲಿ ತೇಲಿದ ಹೆಣವೊಂದನ್ನು ಅದರಲ್ಲೇ ಎತ್ತಿಸಿದ್ದರು. ಹೆಣ ಹೊತ್ತ ಪರಿಸಲನ್ನು ಸತ್ತವರ ಕಾರ್ಯ ಮುಗಿಯುವ ತನಕ ನಾವು ಯಾವುದಕ್ಕೂ ಬಳಸುವುದಿಲ್ಲ.

“ಇದೊಂದು ಬ್ಯಾಡ ಅಯ್ಯಾ, ಇದ್ರಾಗೆ...” ಎಂದಳು.

ಬಾಯಿ ಮುಚ್ಚು ಎಂದ ಅಧಿಕಾರಿ. ಗಣೇಶನ್ ಬೇವಿನ ಸೊಪ್ಪನ್ನು ಒದ್ದು, ಪರಿಸಲನ್ನು ಲಾರಿಗೆ ಎಸೆಸಿದ.

ಯುದ್ಧ ಬೇಗ ಮುಗಿಯಿತು. ಪರಿಸಲುಗಳು ಬರಲಿಲ್ಲ. ಕೇಳಲು ಹೋದಾಗಲೆಲ್ಲ, ಯುದ್ಧ ಮತ್ತೆ ಬಂದರೆ ನೀವು ಹೊಣೆಯೇ ಎಂದು ಗಣೇಶನ್ ಗದರಿದ. ಒಲೆ ತಣ್ಣಗಾಗುತ್ತ ಬಂತು. ಸಿಕ್ಕ ಕೂಲಿಗೆಲ್ಲ ಹೋದೆವು.

ಹಾಗೇ ಒಂದು ದಿನ ಪೆರಿಯಕುಳಕ್ಕೆ, ಒಂದು ಗೃಹಪ್ರವೇಶದ ಪಾತ್ರೆ ತೊಳೆಯಲು ಹೋದೆವು. ಮನೆ ಆ ಅಧಿಕಾರಿಯದೇ. ಹಿತ್ತಿಲ ಬಾಗಿಲಿನಿಂದ ಒಳಗೆ ಹೋದರೆ, ನಮ್ಮ ಪರಿಸಲುಗಳು ಸಾಲಾಗಿ ಕೂತಿವೆ! ಅವುಗಳೊಳಗೆ ಬಾಳೆಲೆ ಹಾಸಿ, ಬಿಸಿ ಅನ್ನ ಗುಡ್ಡೆ ಹಾಕಿದ್ದಾರೆ. ಗೋವಿಂದಮ್ಮಾಳ ಪರಿಸಲಿನಲ್ಲಿ ಪುಳಿಯೋಗರೆ. ಬಡಿಸುತ್ತಿದ್ದವನು ಸ್ವತಃ ಅಧಿಕಾರಿ. ಪಂಕ್ತಿಯ ಮೊದಲ ಎಲೆಯಲ್ಲಿ ಮುತ್ತುಸಾಮಿ, ಎರಡನೇ ಸಲ ಬಡಿಸಿಕೊಳ್ಳುತ್ತಿದ್ದ.

ಗೋವಿಂದಮ್ಮಾಳ್ ಕೈ ಒರೆಸಿಕೊಂಡು ಹೋಗಿ ಅವನ ಪಕ್ಕದಲ್ಲೇ ಕೂತಳು. ಗಣೇಶನ್ ಎಬ್ಬಿಸಲು ಓಡಿ ಬಂದ.

“ಎಲೆ ಹಾಕಪ್ಪಾ. ನನ್ ಪರಿಸಲ್‌ನಾಗಿನ ಅನ್ನ ತಿನ್ನಾಕೆ ನಂಗೇನ್ ಹೇಸ್ಗೆ? ಊದಿ ಒಡ್ದೋಗಿದ್ದ ಹೆಣನ ಇದ್ರಾಗೇ ಎತ್ಸಿದ್ರಿ. ಹೇಳಾಕೆ ಬಂದ್ರೆ ಬಾಯಿ ಮುಚ್ಚು ಅಂದ್ರಿ.”

ಯಾರಿಗೂ ತಪ್ಪಿಹೋಗಬಾರದೆಂದು ಅದನ್ನೇ ತಮಿಳಿನಲ್ಲೂ ಹೇಳಿದಳು.

ಮುತ್ತುಸಾಮಿ ಬಾಯಲ್ಲಿದ್ದ ತುತ್ತನ್ನು ಎಲೆಗೇ ಉಗಿದ. ಪಂಕ್ತಿ ಒಟ್ಟಿಗೇ ಎದ್ದಿತು. ಹಿತ್ತಿಲಿನಲ್ಲಿ ಯಾರೋ ವಾಂತಿ ಮಾಡುವ ಸದ್ದು. ನಮಗೆ ನಗು ತಡೆಯಲಾಗಲಿಲ್ಲ, ಯಾಕೆ ತಡೆಯಬೇಕು?

ಗೋವಿಂದಮ್ಮಾಳ್ ಪುಳಿಯೋಗರೆಯನ್ನು ಎಲೆಸಮೇತ ಕೆಳಗಿಳಿಸಿ, ಪರಿಸಲನ್ನು ತಲೆಯ ಮೇಲೆ ಬೋರಲು ಹೊತ್ತು, ಮಾವಿನ ತೋರಣದ ಮುಂಬಾಗಿಲಿನಿಂದಲೇ ಹೊರಟಳು. ನಾವೂ ನಮ್ಮವನ್ನು ಹೊತ್ತೆವು. ಮುಟ್ಟಿ ತಡೆಯಲು ಒಬ್ಬರೂ ಬರಲಿಲ್ಲ.

ಗೋವಿಂದಮ್ಮಾಳದೊಂದು ಬಿಟ್ಟರೆ, ನಮ್ಮ ಪರಿಸಲುಗಳು ಯಾವ ಹೆಣವನ್ನೂ ಹೊತ್ತಿರಲಿಲ್ಲ. ಅದನ್ನು ಯಾರೂ ಕೇಳಲಿಲ್ಲ. ನಾವೂ ಬಾಯಿ ಮುಚ್ಚಿಕೊಂಡೇ ನಡೆದೆವು.