ನಾನು ಬಿಡಿಸಿದ ತಂತಿಗಳು

ಎಂಬತ್ತಾರನೆಯ ಇಸವಿಯಲ್ಲಿ ನನ್ನ ಮಗಳು ರಾಜಾಮಣಿ ಕೊಯಮತ್ತೂರಿನಲ್ಲಿ ಪಾಲಿಟೆಕ್ನಿಕ್ ಓದುತ್ತಿದ್ದಳು. ಸಿರುಮುಗೈಯ ನಮ್ಮ ಮನೆಯಲ್ಲಿ, ಮಗ್ಗದ ಪಕ್ಕ, ಒಂದು ಹಲಗೆಯ ಮೇಲೆ ಒಂಬತ್ತು ತಗಡಿನ ಡಬ್ಬಿ ಜೋಡಿಸಿ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ ಕಟ್ಟಿದ್ದಳು. ಒಂದು ಡಬ್ಬಿ ದನಿ ಹುಟ್ಟಿಸುತ್ತಿತ್ತು, ಇನ್ನೊಂದು ಸೋಸುತ್ತಿತ್ತು, ಮತ್ತೊಂದು ಏರಿಳಿಸುತ್ತಿತ್ತು. ಯಾವುದರಿಂದ ಯಾವುದಕ್ಕೆ ತಂತಿ ಸಿಕ್ಕಿಸಿದೆ ಎಂಬುದರಂತೆ ದನಿ ಬದಲಾಗುತ್ತಿತ್ತು. ಅದರಲ್ಲಿ ಹಾಡಿಲ್ಲ, ತಾಳವಿಲ್ಲ. ಕೇಳುತ್ತಾ ಕೂತರೆ ತಲೆಯ ಮೇಲಿನ ಹೆಂಚು ಸರಿದುಹೋಗಿ, ನಕ್ಷತ್ರಗಳ ನಡುವೆ ಮೆಲ್ಲಗೆ ಸಾಗಿದಂತಾಗುತ್ತಿತ್ತು.

ಕಾಲೇಜಿನ ಪ್ರದರ್ಶನದಲ್ಲಿ ಒಂದು ಕತ್ತಲೆಕೋಣೆಯನ್ನು ನಕ್ಷತ್ರದ ಆಕಾಶ ಮಾಡಿದ್ದರು. ಅದಕ್ಕೆ ಹತ್ತು ನಿಮಿಷದ ಸಂಗೀತ ಇವಳದು. ಮೂರು ವಾರ ಹುಡುಕಿ ಆ ದನಿಯನ್ನು ಹಿಡಿದಿದ್ದಳು.

ಪ್ರದರ್ಶನಕ್ಕೆ ಹೊರಡುವ ದಿನ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಳು. ಹಲಗೆಯ ಮೇಲೆ ತಂತಿಗಳೆಲ್ಲ ಒಂದರೊಳಗೊಂದು ಸಿಕ್ಕು. ನೇಯುವವರ ಮನೆಯಲ್ಲಿ ಸಿಕ್ಕು ಕಂಡರೆ ಕೈ ಸುಮ್ಮನಿರುವುದಿಲ್ಲ. ಬಸ್ಸಿಗೆ ಒಯ್ಯಲು ಸುಲಭವಾಗಲಿ ಎಂದು ಎಲ್ಲವನ್ನೂ ಕಿತ್ತು, ಬಣ್ಣ ಬಣ್ಣ ಬೇರೆ ಮಾಡಿ, ನೂಲಿನ ಲಡಿಯಂತೆ ಸುತ್ತಿ ಕಟ್ಟಿಟ್ಟೆ.

ಒದ್ದೆ ತಲೆಯಲ್ಲೇ ಬಂದು ನಿಂತವಳ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು. ಯಾವ ತಂತಿ ಎಲ್ಲಿಗೆ ಎಂದು ಎಲ್ಲಿಯೂ ಬರೆದಿಟ್ಟಿರಲಿಲ್ಲ ಅವಳು. ಆ ಸಿಕ್ಕೇ ಅವಳ ಸಂಗೀತವಾಗಿತ್ತು.

ಮಗ್ಗದಲ್ಲಿದ್ದ ನನ್ನ ಗಂಡ ದಂಡಪಾಣಿ ಲಾಳಿ ನಿಲ್ಲಿಸಿದರು. "ನಿಮ್ಮಮ್ಮನ ಕೈಗೆ ಜೇಡರಬಲೆ ಸಿಕ್ರೂ ಲಡಿ ಕಟ್ಟಿಡ್ತಾಳೆ, ಅಮ್ಮಣಿ," ಎಂದರು. ಯಾರೂ ನಗಲಿಲ್ಲ.

ರಾಜಾಮಣಿ ಒದ್ದೆ ತಲೆಗೆ ಟವೆಲ್ಲು ಸುತ್ತಿಕೊಂಡಳು. ಆಮೇಲೆ ನನ್ನನ್ನು ಹಲಗೆಯ ಮುಂದೆ ಕೂರಿಸಿದಳು.

"ಮೊದ್ಲು ಯಾವ್ದು ಕಿತ್ತೆಮ್ಮ?"

"ಅದೆಲ್ಲ ನಂಗೆ ಹೆಂಗೆ ಗೊತ್ತು, ನನ್ ಕಣ್ಣು?"

"ನಿಂಗೆ ಗೊತ್ತಿಲ್ಲ. ನಿನ್ ಕೈಗೆ ಗೊತ್ತಿರುತ್ತೆ."

ಮಗ್ಗದಲ್ಲಿ ಹಳೆಯ ಹಾಸಿನ ಉದ್ದೆಳೆಗಳ ತುದಿಗೆ ಹೊಸ ಹಾಸನ್ನು ಗಂಟು ಹಾಕುವಾಗ ಎಡ ಅಂಚಿನಿಂದ ಶುರುಮಾಡಿ ಒಂದು ಎಳೆಯನ್ನೂ ಹಾರಿಸದೆ ಹೋಗುತ್ತೇವೆ. ತಂತಿಗಳನ್ನೂ ನಾನು ಹಾಗೆಯೇ ಕಿತ್ತಿದ್ದೆ. ಕಣ್ಣು ಮುಚ್ಚಿದೆ. ಕೆಂಪು, ಮೊದಲ ಡಬ್ಬಿಯ ಕೆಳತೂತಿನಿಂದ ನಾಲ್ಕನೆಯದಕ್ಕೆ. ಹಳದಿ, ಅದರ ಪಕ್ಕದಿಂದ ಕೊನೆಯದಕ್ಕೆ. ನಾನು ಹೇಳುತ್ತಾ ಹೋದೆ, ಅವಳು ಸಿಕ್ಕಿಸುತ್ತಾ ಹೋದಳು. ಇಪ್ಪತ್ತೇಳು ಸೇರಿದವು. ನಾಲ್ಕು ಉಳಿದವು. ಹಾಲು ಉಕ್ಕೀತೆಂದು ಒಲೆಯ ಕಡೆ ನೋಡುತ್ತಾ ಕಿತ್ತವು ಅವು, ಕೈಗೂ ನೆನಪಿರಲಿಲ್ಲ.

ಸ್ವಿಚ್ಚು ಹಾಕಿದಳು. ಮೊದಲಿನ ದನಿಯಲ್ಲ. ತಗ್ಗಿನಲ್ಲಿ, ತುಂಬ ಅಗಲವಾಗಿ ಏನೋ ಉಸಿರಾಡುತ್ತಿತ್ತು. ಬಹಳ ದೂರದಿಂದ ಸಣ್ಣದೊಂದು ನಾದ ಹತ್ತಿರ ಬಂದು, ನಮ್ಮನ್ನು ದಾಟಿ ಹೋಯಿತು.

ಕೆಡಿಸಿಬಿಟ್ಟೆ ಎಂದು ನನಗೆ ಅಳು ಬಂತು. ಅವಳು ತಲೆ ಬಾಗಿಸಿ ಕೇಳುತ್ತಲೇ ಇದ್ದಳು. ಉಳಿದ ನಾಲ್ಕು ತಂತಿಗಳನ್ನು ಆಚೆಗೆ ಸರಿಸಿದಳು.

"ಇದ್ರಲ್ಲಿ ಜಾಗ ಜಾಸ್ತಿ ಇದೆ ಅಮ್ಮ. ಇದೇ ಇರ್ಲಿ."

ತಂತಿ ಅಲುಗದಂತೆ ಹಲಗೆಯನ್ನೇ ಸೀರೆಯಲ್ಲಿ ಬಿಗಿದು, ಬಸ್ಸಿನಲ್ಲಿ ಇಬ್ಬರೂ ತೊಡೆಯ ಮೇಲಿಟ್ಟುಕೊಂಡು ಹೋದೆವು. ಅವತ್ತು ನನ್ನನ್ನು ಬಯ್ಯುವ ಹಕ್ಕು ಅವಳಿಗಿತ್ತು. ಬಯ್ಯದೆ ನನ್ನ ಕೈಯನ್ನು ನಂಬಿದಳು. ಈ ಋಣ ನನ್ನ ಮೇಲೆ ಹಾಗೇ ಇರಲಿ.

ಕತ್ತಲೆಕೋಣೆಯಲ್ಲಿ ಹತ್ತು ನಿಮಿಷ ಯಾರೂ ಕೆಮ್ಮಲಿಲ್ಲ. ದೀಪ ಹಾಕಿದ ಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬರು, ಇನ್ನೊಂದು ಸಲ ದೀಪ ಆರಿಸಪ್ಪ ಎಂದು ತಮಿಳಿನಲ್ಲಿ ಕೇಳಿಕೊಂಡರು.